ಮನೆ ವಿಮೆಯಲ್ಲಿ ನಮ್ಮ ಪಾಲಿನ ನಷ್ಟ
ಅಮೆರಿಕದಲ್ಲಿ ಮನೆ ಕೊಂಡ ಮಕ್ಕಳೂ ಇಲ್ಲಿರುವ ಹಿರಿಯರೂ ತಿಳಿದಿರಬೇಕಾದ ‘ಡಿಡಕ್ಟಿಬಲ್’ ವಿಚಾರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ್ದು ನಮ್ಮ ನಾಡಿನಲ್ಲಾದರೂ ಅದರ ಸತ್ಯ ಕಡಲಾಚೆಗೂ ಸಲ್ಲುತ್ತದೆ. ಹುಬ್ಬಳ್ಳಿ, ದಾವಣಗೆರೆ, ಬೆಳಗಾವಿ, ಕಲಬುರಗಿಗಳಿಂದ ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಅಮೆರಿಕಕ್ಕೆ ತೆರಳಿದ ನಮ್ಮ ಸಮಾಜದ ಮಕ್ಕಳು ಕೆಲವು ವರ್ಷ ಬಾಡಿಗೆಯ ಮನೆಯಲ್ಲಿದ್ದು, ಅನಂತರ ಸ್ವಂತ ಮನೆಯನ್ನು ಕೊಳ್ಳುವುದು ಇಂದು ಸಾಮಾನ್ಯ ಸಂಗತಿಯಾಗಿದೆ. ಗೃಹಪ್ರವೇಶಕ್ಕೆಂದು ತಂದೆ ತಾಯಿಗಳು ವಿಮಾನವೇರಿ ಹೋಗುತ್ತಾರೆ. ಮುಂಗಡಕ್ಕೆ ಹಣ ಸಾಲದೆ ಬಂದಾಗ ಊರಿನ ನಿವೇಶನವನ್ನು ಮಾರಿ ನೆರವಾದ ಹಿರಿಯರೂ ಉಂಟು. ಹೀಗೆ ಆ ಮನೆ ಅಲ್ಲಿರುವ ದಂಪತಿಗಳದಷ್ಟೇ ಅಲ್ಲ, ಇಡೀ ಕುಟುಂಬದ ಕಾಯಕದ ಗಳಿಕೆಯಾಗಿರುತ್ತದೆ.

ಸಾಲ ಕೊಟ್ಟ ಬ್ಯಾಂಕು ಅಲ್ಲಿ ಮನೆಗೆ ವಿಮೆ ಮಾಡಿಸಿಯೇ ತೀರಬೇಕೆಂದು ಹೇಳುತ್ತದೆ. ವಿಮಾ ಕಂತು ಬಹುಮಟ್ಟಿಗೆ ಸಾಲದ ಮಾಸಿಕ ಕಂತಿನೊಡನೆಯೇ ಸೇರಿ ಹೋಗುವುದರಿಂದ ಅದರ ಕಡೆಗೆ ಗಮನ ಹರಿಯುವುದು ಕಡಿಮೆ. ‘ಮನೆಗೆ ವಿಮೆ ಇದೆ, ಇನ್ನು ಚಿಂತೆಯಿಲ್ಲ’ ಎಂಬ ನೆಮ್ಮದಿಯಲ್ಲಿ ಪಾಲಿಸಿಯ ಕಾಗದಗಳು ಕಪಾಟು ಸೇರುತ್ತವೆ. ಆದರೆ ಬಿರುಗಾಳಿಯೋ ಆಲಿಕಲ್ಲಿನ ಮಳೆಯೋ ಬಂದು ಹೋದ ಮೇಲೆ, ಹಾನಿಯ ಬಹುಭಾಗವನ್ನು ತಾವೇ ಭರಿಸಬೇಕೆಂಬುದು ತಿಳಿದು ಗಾಬರಿಗೊಳ್ಳುವ ಕುಟುಂಬಗಳು ಅಲ್ಲಿ ವರ್ಷವರ್ಷವೂ ಇರುತ್ತವೆ. ಇದಕ್ಕೆ ಕಾರಣ ವಂಚನೆಯಲ್ಲ. ಪಾಲಿಸಿಯ ಮೊದಲ ಪುಟಗಳಲ್ಲಿಯೇ ಅಚ್ಚಾಗಿದ್ದರೂ ಯಾರೂ ಓದದೆ ಬಿಟ್ಟ ಒಂದು ಸಾಲು. ಆ ಸಾಲಿನ ಹೆಸರು ‘ಡಿಡಕ್ಟಿಬಲ್’. ಅದನ್ನು ಸರಿಯಾಗಿ ಅರಿತುಕೊಳ್ಳುವುದು ಈ ಲೇಖನದ ಉದ್ದೇಶ.

ಡಿಡಕ್ಟಿಬಲ್ ಎಂದರೇನು?

ಸರಳವಾಗಿ ಹೇಳುವುದಾದರೆ, ಯಾವುದೇ ಹಾನಿಯಲ್ಲಿ ಮನೆಯ ಒಡೆಯನು ತಾನೇ ಹೊರಬೇಕಾದ ಮೊದಲ ಪಾಲನ್ನು ಡಿಡಕ್ಟಿಬಲ್ ಎನ್ನುತ್ತಾರೆ. ಆ ಪಾಲನ್ನು ಕಳೆದು ಉಳಿದ ಮೊತ್ತವನ್ನು ಮಾತ್ರ ವಿಮಾ ಕಂಪನಿ ಕೊಡುತ್ತದೆ. ಪಾಲಿಸಿಯಲ್ಲಿ 1,000 ಡಾಲರು ಡಿಡಕ್ಟಿಬಲ್ ಎಂದಿದೆ ಎನ್ನೋಣ. ಅಡುಗೆಮನೆಯಲ್ಲಿ ಬೆಂಕಿ ತಗುಲಿ 9,000 ಡಾಲರಿನಷ್ಟು ನಷ್ಟವಾದರೆ ಕಂಪನಿ 8,000 ಡಾಲರು ಕೊಡುತ್ತದೆ. ನಷ್ಟ 900 ಡಾಲರು ಮಾತ್ರವಾದರೆ ಕಂಪನಿಯಿಂದ ಏನೂ ಬಾರದು.

ಇಲ್ಲಿ ಕಾರಿಗೆ ವಿಮೆ ಮಾಡಿಸಿದವರಿಗೆ ಇದು ತೀರ ಹೊಸದೇನಲ್ಲ. ಅಪಘಾತವಾದ ಕಾರನ್ನು ರಿಪೇರಿಗೆ ಬಿಟ್ಟಾಗ ಕ್ಲೇಮಿನ ಹಣದಲ್ಲಿ ‘ಕಂಪಲ್ಸರಿ ಎಕ್ಸೆಸ್’ ಎಂದು ಸಾವಿರವೋ ಎರಡು ಸಾವಿರವೋ ರೂಪಾಯಿ ಕಡಿದುಕೊಳ್ಳುವುದನ್ನು ನಾವು ಕಂಡಿದ್ದೇವೆ. ತತ್ತ್ವ ಅದೇ, ಆದರೆ ಅಮೆರಿಕದ ಮನೆಗಳ ವಿಷಯದಲ್ಲಿ ಮೊತ್ತ ಬಹಳ ದೊಡ್ಡದು, ಲೆಕ್ಕ ಹಾಕುವ ಬಗೆಯೂ ಬೇರೆ.

ಈ ಸಂಬಂಧವಾಗಿ ಮೂರು ತಪ್ಪು ತಿಳುವಳಿಕೆಗಳು ಸಾಮಾನ್ಯವಾಗಿವೆ. ಮೊದಲನೆಯದು, ಡಿಡಕ್ಟಿಬಲ್ ಹಣವನ್ನು ಮುಂಚಿತವಾಗಿ ಕಂಪನಿಗೆ ಕಟ್ಟಬೇಕೆಂಬ ಭಾವನೆ. ಹಾಗೇನೂ ಇಲ್ಲ. ಕಂಪನಿಯು ಪರಿಹಾರದ ಚೆಕ್ಕು ಬರೆಯುವಾಗ ಅದನ್ನು ಕಳೆದುಕೊಂಡು ಬರೆಯುತ್ತದೆ. ಮನೆ ರಿಪೇರಿ ಮಾಡಿದ ಗುತ್ತಿಗೆದಾರನಿಗೆ ಆ ಕೊರತೆಯನ್ನು ನಾವು ತುಂಬಿಕೊಡಬೇಕು. ಎರಡನೆಯದು, ವರ್ಷಕ್ಕೊಮ್ಮೆ ಕೊಟ್ಟರೆ ಮುಗಿಯಿತೆಂಬ ಭಾವನೆ. ಅಮೆರಿಕದ ಆರೋಗ್ಯ ವಿಮೆಯಲ್ಲಿ ಡಿಡಕ್ಟಿಬಲ್ ಇಡೀ ವರ್ಷಕ್ಕೆ ಸೇರಿ ಇರುವುದರಿಂದ ಈ ಗೊಂದಲ ಹುಟ್ಟುತ್ತದೆ. ಮನೆ ವಿಮೆಯಲ್ಲಿ ಅದು ಸಾಮಾನ್ಯವಾಗಿ ಒಂದೊಂದು ಘಟನೆಗೂ ಪ್ರತ್ಯೇಕ. ಮಾರ್ಚಿಯಲ್ಲಿ ಕೊಳಾಯಿ ಒಡೆದು ನೆಲ ಹಾಳಾಗಿ, ಜುಲೈಯಲ್ಲಿ ಸಿಡಿಲು ಬಡಿದರೆ ಎರಡು ಸಲವೂ ಅದನ್ನು ಭರಿಸಬೇಕು. ಮೂರನೆಯದು, ಪಾಲಿಸಿಯ ಎಲ್ಲ ಭಾಗಗಳಿಗೂ ಇದು ಅನ್ವಯಿಸುತ್ತದೆಂಬ ಭಾವನೆ. ಮನೆಯ ಮುಂದಿನ ಹಿಮದ ಮೇಲೆ ಅತಿಥಿಯೊಬ್ಬರು ಜಾರಿ ಬಿದ್ದು ಪರಿಹಾರ ಕೇಳಿದರೆ, ಆ ಹೊಣೆಗಾರಿಕೆಯ ಭಾಗಕ್ಕೆ ಸಾಮಾನ್ಯವಾಗಿ ಡಿಡಕ್ಟಿಬಲ್ ಇರುವುದಿಲ್ಲ. ಅದು ಇರುವುದು ಕಟ್ಟಡ ಮತ್ತು ಸಾಮಾನುಗಳ ಹಾನಿಗೆ.

ಈ ಏರ್ಪಾಡು ಏಕೆ?

‘ಕಂತು ಕಟ್ಟಿಸಿಕೊಂಡ ಮೇಲೆ ಪೂರ್ತಿ ನಷ್ಟವನ್ನು ಏಕೆ ತುಂಬಿಕೊಡಬಾರದು?’ ಎಂಬ ಪ್ರಶ್ನೆ ಸಹಜ. ವಿಮೆಯೆಂಬುದು ಒಬ್ಬರಿಂದ ತಾಳಲಾಗದ ಭಾರವನ್ನು ಸಾವಿರಾರು ಮಂದಿ ಹಂಚಿಕೊಳ್ಳುವ ವ್ಯವಸ್ಥೆ. ಒಡೆದ ಕಿಟಕಿ, ಹಾರಿಹೋದ ನಾಲ್ಕು ಹೆಂಚು ಇವುಗಳಿಗೆಲ್ಲ ಕ್ಲೇಮು ಸಲ್ಲಿಸುತ್ತ ಹೋದರೆ, ತನಿಖೆಗೆ ಆಳು ಕಳಿಸಿ ಕಾಗದಪತ್ರ ನಡೆಸುವ ವೆಚ್ಚವೇ ಪರಿಹಾರದ ಹಣವನ್ನು ಮೀರುತ್ತದೆ. ಆ ವೆಚ್ಚ ಕೊನೆಗೆ ಎಲ್ಲರ ಕಂತಿನ ಮೇಲೆಯೇ ಬೀಳುವುದು. ಜೊತೆಗೆ, ಸ್ವಲ್ಪ ನಷ್ಟವಾದರೂ ತನ್ನ ಮೇಲೆ ಬರುತ್ತದೆಂದು ತಿಳಿದವನು ಮನೆಯನ್ನು ಎಚ್ಚರದಿಂದ ನೋಡಿಕೊಳ್ಳುತ್ತಾನೆ ಎಂಬ ಲೆಕ್ಕಾಚಾರವೂ ಇದರ ಹಿಂದೆ ಇದೆ. ಆದ್ದರಿಂದ ಡಿಡಕ್ಟಿಬಲ್ ಹೆಚ್ಚಿದಂತೆ ಕಂತು ಇಳಿಯುತ್ತದೆ. ಡಿಡಕ್ಟಿಬಲ್ ಇಳಿದಂತೆ ಕಂತು ಏರುತ್ತದೆ. ಸಣ್ಣ ನಷ್ಟಕ್ಕೆ ನಮ್ಮ ಕೈಗಂಟು, ದೊಡ್ಡ ನಷ್ಟಕ್ಕೆ ವಿಮೆ, ಇದೇ ಅದರ ಸಾರ.

ತತ್ತ್ವವೇನೋ ನ್ಯಾಯವಾದದ್ದೇ. ಆದರೆ ‘ಸಣ್ಣ’ ಎಂಬುದರ ಅಳತೆ ಯಾವುದು ಎಂಬಲ್ಲಿಯೇ ತೊಡಕು ಹುಟ್ಟುತ್ತದೆ.

ಶೇಕಡಾವಾರು ಲೆಕ್ಕದ ಒಳಗುಟ್ಟು

ಡಿಡಕ್ಟಿಬಲ್‌ಗಳಲ್ಲಿ ಎರಡು ಬಗೆ. ಒಂದು, 500, 1,000, 2,500 ಡಾಲರು ಎಂದು ನಿಗದಿಯಾದ ಮೊತ್ತ. ಇದರಲ್ಲಿ ಗೊಂದಲವಿಲ್ಲ. ಇನ್ನೊಂದು, ಶೇಕಡಾ 1, ಶೇಕಡಾ 2, ಶೇಕಡಾ 5 ಎಂದು ಪ್ರಮಾಣದಲ್ಲಿ ಹೇಳಿದ್ದು. ಗಾಳಿ, ಆಲಿಕಲ್ಲು, ಚಂಡಮಾರುತ, ಭೂಕಂಪಗಳಿಗೆ ಅನೇಕ ರಾಜ್ಯಗಳಲ್ಲಿ ಈ ಎರಡನೆಯ ಬಗೆಯೇ ರೂಢಿಯಲ್ಲಿದೆ. ಒಂದೇ ಪಾಲಿಸಿಯಲ್ಲಿ ಬೆಂಕಿ, ಕಳವುಗಳಿಗೆ 1,000 ಡಾಲರು ಎಂದೂ ಗಾಳಿ ಮತ್ತು ಆಲಿಕಲ್ಲಿಗೆ ಶೇಕಡಾ 2 ಎಂದೂ ಬೇರೆ ಬೇರೆಯಾಗಿ ಬರೆದಿರುವುದು ಸಾಮಾನ್ಯ.

ಶೇಕಡಾ 2 ಎಂಬುದನ್ನು ಓದಿದೊಡನೆ, ನಷ್ಟದ ನೂರಕ್ಕೆ ಎರಡು ಎಂದೇ ಯಾರಿಗಾದರೂ ತೋರುತ್ತದೆ. ನಮ್ಮ ವ್ಯಾಪಾರಸ್ಥ ಬಂಧುಗಳಿಗಂತೂ ಹಾಗೆ ತೋರಲು ಇನ್ನೊಂದು ಕಾರಣವೂ ಇದೆ. ನಮ್ಮ ದೇಶದಲ್ಲಿ ಅಂಗಡಿ, ಗೋದಾಮುಗಳಿಗೆ ಬಹುಕಾಲದಿಂದ ಬಳಕೆಯಲ್ಲಿದ್ದ ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯ ಕರಾರಿನಲ್ಲಿ, ನೆರೆ ಬಿರುಗಾಳಿಯಂಥ ದೈವಿಕ ವಿಪತ್ತುಗಳಿಗೆ ಕ್ಲೇಮಿನ ಶೇಕಡಾ 5, ಕನಿಷ್ಠ 10,000 ರೂಪಾಯಿ ಕಡಿತ ಎಂದಿತ್ತು. ವಾಸದ ಮನೆಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಅಲ್ಲಿ ಶೇಕಡಾವಾರು ಲೆಕ್ಕ ನಡೆಯುತ್ತಿದ್ದುದು ಕ್ಲೇಮಿನ ಮೇಲೆ.

ಅಮೆರಿಕದ ಮನೆ ವಿಮೆಯಲ್ಲಿ ಹಾಗಲ್ಲ. ಅಲ್ಲಿ ಶೇಕಡಾ 2 ಎಂದರೆ ಸಾಮಾನ್ಯವಾಗಿ ಕಟ್ಟಡಕ್ಕೆ ಮಾಡಿಸಿದ ಒಟ್ಟು ವಿಮಾ ಮೊತ್ತದ ಶೇಕಡಾ 2. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಕಟ್ಟಡದ ವಿಮಾ ಮೊತ್ತ 4,00,000 ಡಾಲರು. ಆಲಿಕಲ್ಲಿನಿಂದ ಛಾವಣಿಗೆ ಆದ ಹಾನಿ 11,000 ಡಾಲರು. ಹಾನಿಯ ಮೇಲೆ ಲೆಕ್ಕ ಹಾಕಿದವನು ‘220 ಡಾಲರು ಹೋದರೆ ಹೋಗಲಿ, ಉಳಿದ 10,780 ಬರುತ್ತದೆ’ ಎಂದುಕೊಳ್ಳುತ್ತಾನೆ. ವಾಸ್ತವದಲ್ಲಿ ಕಡಿತವಾಗುವುದು 4,00,000ದ ಶೇಕಡಾ 2, ಅಂದರೆ 8,000 ಡಾಲರು. ಕೈಗೆ ಬರುವುದು 3,000. ಅದೇ ಹಾನಿ 7,500 ಡಾಲರಿನದಾಗಿದ್ದರೆ ಬರುವುದು ಸೊನ್ನೆ. ವರ್ಷಗಟ್ಟಲೆ ತಪ್ಪದೆ ಕಂತು ಕಟ್ಟಿದ ಮನೆಗೆ ಈ ಉತ್ತರ ಬಂದಾಗ ಆಗುವ ಆಘಾತವನ್ನು ಊಹಿಸಬಹುದು.

ಇನ್ನೂ ಒಂದು ಸೂಕ್ಷ್ಮ ಸಂಗತಿ ಇದೆ. ಮನೆ ಕಟ್ಟುವ ವೆಚ್ಚ ಏರಿದಂತೆಲ್ಲ ಕಂಪನಿಗಳು ನವೀಕರಣದ ವೇಳೆ ಕಟ್ಟಡದ ವಿಮಾ ಮೊತ್ತವನ್ನೂ ಏರಿಸುತ್ತವೆ. ಇದು ಒಳ್ಳೆಯದೇ, ಇಲ್ಲವಾದರೆ ಪೂರ್ತಿ ಸುಟ್ಟ ಮನೆಯನ್ನು ಮತ್ತೆ ಕಟ್ಟಲು ಹಣ ಸಾಲದು. ಆದರೆ ಮೊತ್ತ 4,00,000ದಿಂದ 5,00,000ಕ್ಕೆ ಏರಿದರೆ ಶೇಕಡಾ 2ರ ಡಿಡಕ್ಟಿಬಲ್ ಕೂಡ 8,000ದಿಂದ 10,000ಕ್ಕೆ ತಾನಾಗಿಯೇ ಏರುತ್ತದೆ. ಪಾಲಿಸಿಯ ಸಾಲಿನಲ್ಲಿ ಮಾತ್ರ ಅದೇ ‘2’ ಉಳಿದಿರುತ್ತದೆ. ಆದ್ದರಿಂದ ಪ್ರತಿ ವರ್ಷವೂ ಆ ಶೇಕಡಾವನ್ನು ಡಾಲರಿಗೆ ಇಳಿಸಿ, ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುವುದು ಜಾಣತನ.

ಚಂಡಮಾರುತಗಳು ಕಲಿಸಿದ ಪಾಠ

ಈ ಶೇಕಡಾವಾರು ಪದ್ಧತಿ ಬಲವಾಗಿ ಬೇರೂರಿದ್ದರ ಹಿಂದೆ ಒಂದು ಚರಿತ್ರೆಯಿದೆ. 1992ರ ಆಗಸ್ಟ್ 24ರಂದು ಆಂಡ್ರೂ ಎಂಬ ಚಂಡಮಾರುತ ದಕ್ಷಿಣ ಫ್ಲಾರಿಡಾವನ್ನು ಅಪ್ಪಳಿಸಿತು. ಸಾವಿರಾರು ಮನೆಗಳು ನೆಲಸಮವಾದವು. ಪರಿಹಾರ ಕೊಡಲಾರದೆ ಹಲವು ವಿಮಾ ಕಂಪನಿಗಳು ದಿವಾಳಿಯಾದವು. ಉಳಿದವು ಆ ರಾಜ್ಯದಲ್ಲಿ ಮನೆಗಳಿಗೆ ವಿಮೆ ಮಾಡಲು ಹಿಂಜರಿದವು. ಒಂದೇ ಗಾಳಿಗೆ ಒಂದು ಪ್ರಾಂತದ ಮನೆಗಳೆಲ್ಲ ಏಕಕಾಲದಲ್ಲಿ ಕ್ಲೇಮು ಸಲ್ಲಿಸಿದರೆ ಯಾವ ಬೊಕ್ಕಸವೂ ತಾಳದೆಂಬುದು ಆಗ ಮನವರಿಕೆಯಾಯಿತು. ನಷ್ಟದ ಹೆಚ್ಚಿನ ಪಾಲನ್ನು ಮನೆಯವರೇ ಹೊರುವ ‘ಹರಿಕೇನ್ ಡಿಡಕ್ಟಿಬಲ್’ ಇದರಿಂದ ವ್ಯಾಪಕವಾಯಿತು. ಇಂದು 19 ರಾಜ್ಯಗಳಲ್ಲಿಯೂ ವಾಷಿಂಗ್ಟನ್ ಡಿ.ಸಿ.ಯಲ್ಲಿಯೂ ಇದು ಚಾಲ್ತಿಯಲ್ಲಿದೆ. ಫ್ಲಾರಿಡಾದ ಕಾನೂನು ಹೇಳುವ ಆಯ್ಕೆಗಳು 500 ಡಾಲರು, ಇಲ್ಲವೆ ಶೇಕಡಾ 2, 5 ಮತ್ತು 10.

2004ರಲ್ಲಿ ಅದೇ ರಾಜ್ಯಕ್ಕೆ ಚಾರ್ಲಿ, ಫ್ರಾನ್ಸಿಸ್, ಐವನ್, ಜೀನ್ ಎಂಬ ನಾಲ್ಕು ಚಂಡಮಾರುತಗಳು ಸುಮಾರು ಆರು ವಾರಗಳಲ್ಲಿ ಒಂದರ ಬೆನ್ನಿಗೊಂದು ಬಂದವು. ಒಂದೇ ಮನೆಗೆ ಎರಡು ಮೂರು ಸಲ ಹಾನಿಯಾಗಿ, ಪ್ರತಿ ಸಲವೂ ಪ್ರತ್ಯೇಕ ಡಿಡಕ್ಟಿಬಲ್ ಕಡಿತವಾದಾಗ ಜನ ಕಂಗಾಲಾದರು. ಇದರ ಪರಿಣಾಮವಾಗಿ ಕಾನೂನು ತಿದ್ದುಪಡಿಯಾಗಿ, ಚಂಡಮಾರುತದ ಡಿಡಕ್ಟಿಬಲ್ ಆ ರಾಜ್ಯದಲ್ಲಿ ಒಂದು ವರ್ಷದ ಲೆಕ್ಕಕ್ಕೆ ಬಂದಿತು. ಮೊದಲ ಗಾಳಿಯಲ್ಲಿಯೇ ಅದು ಪೂರ್ತಿ ತೀರಿದರೆ, ಅದೇ ವರ್ಷದ ಎರಡನೆಯ ಗಾಳಿಗೆ ಉಳಿದ ಅಪಾಯಗಳಿಗಿರುವ ಸಾಧಾರಣ ಡಿಡಕ್ಟಿಬಲ್ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ಫ್ಲಾರಿಡಾದಲ್ಲಿ ನೆಲೆಸಿರುವವರು, ಮೊದಲ ಹಾನಿ ಡಿಡಕ್ಟಿಬಲ್‌ಗಿಂತ ಕಡಿಮೆಯಿದ್ದರೂ ಅದನ್ನು ಕಂಪನಿಗೆ ತಿಳಿಸಿ ರಿಪೇರಿಯ ರಸೀದಿಗಳನ್ನು ಜೋಪಾನವಾಗಿಡಬೇಕು. ಮುಂದಿನ ಹಾನಿಯಲ್ಲಿ ಆ ರಸೀದಿಗಳೇ ಹಣವಾಗುತ್ತವೆ.

ಶಬ್ದವೊಂದರ ಮೇಲೆ ಎಷ್ಟು ಹಣ ನಿಂತಿರುತ್ತದೆ ಎಂಬುದಕ್ಕೆ 2012ರ ಸ್ಯಾಂಡಿ ಬಿರುಗಾಳಿಗಿಂತ ಬೇರೆ ಸಾಕ್ಷಿ ಬೇಡ. ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿ ನೆಲೆಸಿರುವ ನ್ಯೂಜೆರ್ಸಿಯ ಕರಾವಳಿಗೆ ಅದು ಬಡಿದದ್ದು ಅಕ್ಟೋಬರ್ 29ರ ರಾತ್ರಿ. ದಡ ಮುಟ್ಟುವ ಸ್ವಲ್ಪ ಮೊದಲು ಅದು ತನ್ನ ಚಂಡಮಾರುತದ ಲಕ್ಷಣಗಳನ್ನು ಕಳೆದುಕೊಂಡು ಬೇರೊಂದು ಬಗೆಯ ಬಿರುಗಾಳಿಯಾಗಿದೆಯೆಂದು ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ ಪ್ರಕಟಿಸಿತು. ವಿನಾಶವೇನೂ ಇದರಿಂದ ಕಡಿಮೆಯಾಗಲಿಲ್ಲ. ಆದರೆ ಹರಿಕೇನ್ ಡಿಡಕ್ಟಿಬಲ್ ಅನ್ವಯಿಸದೆಂದು ನ್ಯೂಜೆರ್ಸಿ, ನ್ಯೂಯಾರ್ಕ್ ಮೊದಲಾದ ರಾಜ್ಯಗಳ ಸರಕಾರಗಳು ಸಾರಿದವು. ಕಟ್ಟಡಕ್ಕೆ 3,50,000 ಡಾಲರಿನ ವಿಮೆಯಿದ್ದು ಹರಿಕೇನ್ ಡಿಡಕ್ಟಿಬಲ್ ಶೇಕಡಾ 5 ಇದ್ದ ಮನೆಯೊಂದನ್ನು ಊಹಿಸಿಕೊಳ್ಳಿ. ಅದು ಅನ್ವಯಿಸಿದ್ದರೆ ಮನೆಯವರ ಪಾಲು 17,500 ಡಾಲರು. ಅನ್ವಯಿಸದಿದ್ದರೆ ಸಾಧಾರಣ 1,000 ಡಾಲರು. ಹೆಸರು ಬದಲಾದದ್ದಕ್ಕೆ 16,500 ಡಾಲರಿನ ಅಂತರ!

ಆದ್ದರಿಂದ ಶೇಕಡಾ ಎಷ್ಟು ಎಂದು ನೋಡಿದರೆ ಸಾಲದು. ಯಾವಾಗಿನಿಂದ ಯಾವಾಗಿನ ತನಕ, ಯಾರ ಪ್ರಕಟಣೆಯ ಮೇಲೆ ಅದು ಜಾರಿಗೆ ಬರುತ್ತದೆ ಎಂಬುದನ್ನೂ ಓದಬೇಕು. ಕೆಲವು ಪಾಲಿಸಿಗಳಲ್ಲಿ ‘ಹರಿಕೇನ್’ ಎಂದಿದ್ದರೆ, ಕೆಲವುಗಳಲ್ಲಿ ‘ಹೆಸರಿಟ್ಟ ಬಿರುಗಾಳಿ’ ಎಂದಿರುತ್ತದೆ. ಮತ್ತೆ ಕೆಲವುಗಳಲ್ಲಿ ಯಾವುದೇ ಗಾಳಿ ಮತ್ತು ಆಲಿಕಲ್ಲು ಎಂದಿರುತ್ತದೆ. ಕೊನೆಯದು ಎಲ್ಲಕ್ಕಿಂತ ವಿಶಾಲವಾದದ್ದು. ಹೆಸರಿಲ್ಲದ ಸಾಧಾರಣ ಗಾಳಿಗೂ ಅದು ಅನ್ವಯಿಸುತ್ತದೆ.

ಟೆಕ್ಸಾಸಿನ ಛಾವಣಿಗಳು

ಡಲ್ಲಾಸ್, ಆಸ್ಟಿನ್ ಸುತ್ತಮುತ್ತ ಮನೆ ಕೊಂಡವರಿಗೆ ಚಂಡಮಾರುತಕ್ಕಿಂತ ಆಲಿಕಲ್ಲಿನ ಭಯ ಹೆಚ್ಚು. ವಸಂತ ಋತುವಿನಲ್ಲಿ ನಿಂಬೆಹಣ್ಣಿನ ಗಾತ್ರದ, ಕೆಲವೊಮ್ಮೆ ಅದಕ್ಕೂ ದೊಡ್ಡ ಕಲ್ಲುಗಳು ಬಿದ್ದು ಛಾವಣಿಯ ಹೊದಿಕೆ ಹಾಳಾಗುತ್ತದೆ. ಇಲ್ಲಿ ಡಿಡಕ್ಟಿಬಲ್‌ನೊಡನೆ ಸವಕಳಿಯ ಲೆಕ್ಕವೂ ಸೇರಿಕೊಳ್ಳುವುದರಿಂದ ಇನ್ನಷ್ಟು ಎಚ್ಚರ ಬೇಕು.

ಹೊಸ ಛಾವಣಿಗೆ 18,000 ಡಾಲರು ಬೇಕು. ಹಳೆಯ ಛಾವಣಿ ತನ್ನ ಆಯುಷ್ಯದ ಅರ್ಧವನ್ನು ಕಳೆದಿದೆ. ಮನೆಯ ವಿಮಾ ಮೊತ್ತ 3,50,000, ಡಿಡಕ್ಟಿಬಲ್ ಶೇಕಡಾ 2, ಅಂದರೆ 7,000 ಡಾಲರು ಎನ್ನೋಣ. ಪಾಲಿಸಿಯು ಹೊಸದನ್ನು ಹಾಕಿಸುವ ಪೂರ್ಣ ವೆಚ್ಚವನ್ನು ಒಪ್ಪಿಕೊಂಡಿದ್ದರೆ, ಕಂಪನಿ ಮೊದಲು ಸವಕಳಿ ಕಳೆದ ಬೆಲೆಯಾದ 9,000ದಲ್ಲಿ ಡಿಡಕ್ಟಿಬಲ್ ಮುರಿದುಕೊಂಡು 2,000 ಕೊಡುತ್ತದೆ. ಕೆಲಸ ಮುಗಿದು ಬಿಲ್ಲು ತೋರಿಸಿದ ಮೇಲೆ ತಡೆಹಿಡಿದ 9,000ವನ್ನೂ ಕೊಡುತ್ತದೆ. ಒಟ್ಟು 11,000. ಪಾಲಿಸಿಯು ಸವಕಳಿ ಕಳೆದ ಬೆಲೆಯನ್ನಷ್ಟೇ ಒಪ್ಪಿಕೊಂಡಿದ್ದರೆ ಆ 2,000ವೇ ಕೊನೆ. ಉಳಿದ 16,000ವನ್ನು ಮನೆಯವರೇ ಹೊಂದಿಸಬೇಕು. ಅಗ್ಗದ ಕಂತಿನ ಪಾಲಿಸಿಗಳಲ್ಲಿ, ವಿಶೇಷವಾಗಿ ಹಳೆಯ ಛಾವಣಿಗಳ ವಿಷಯದಲ್ಲಿ, ಈ ಎರಡನೆಯ ಕರಾರು ಇರುವ ಸಾಧ್ಯತೆ ಹೆಚ್ಚೆಂಬುದನ್ನು ಮರೆಯಬಾರದು.

ಆಲಿಕಲ್ಲು ಬಿದ್ದ ಮರುದಿನವೇ ಬಡಾವಣೆಯ ಬಾಗಿಲು ಬಾಗಿಲಿಗೂ ಗುತ್ತಿಗೆದಾರರು ಬರುತ್ತಾರೆ. ‘ಡಿಡಕ್ಟಿಬಲ್ ಚಿಂತೆ ಬೇಡ, ಅದನ್ನು ನಾವೇ ನೋಡಿಕೊಳ್ಳುತ್ತೇವೆ’ ಎಂಬುದು ಅವರಲ್ಲಿ ಕೆಲವರ ಮಾತು. ಕೇಳಲು ಹಿತವಾದ ಈ ಮಾತಿನ ಅರ್ಥವೇನೆಂದರೆ, ಬಿಲ್ಲನ್ನು ಉಬ್ಬಿಸಿ ಕಂಪನಿಯಿಂದ ಹೆಚ್ಚು ಹಣ ತೆಗೆಯುವುದು, ಇಲ್ಲವೆ ಕಳಪೆ ಸಾಮಗ್ರಿ ಹಾಕಿ ಉಳಿಸಿಕೊಳ್ಳುವುದು. ಟೆಕ್ಸಾಸಿನಲ್ಲಿ 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಕಾನೂನಿನಂತೆ ಇದು ಅಪರಾಧ. ಡಿಡಕ್ಟಿಬಲ್ ಕೊಟ್ಟಿದ್ದಕ್ಕೆ ಪುರಾವೆಯನ್ನು ಕೇಳುವ ಹಕ್ಕೂ, ಅದನ್ನು ತೋರಿಸುವವರೆಗೆ ತಡೆಹಿಡಿದ ಹಣವನ್ನು ಕೊಡದಿರುವ ಹಕ್ಕೂ ಕಂಪನಿಗೆ ಇದೆ. ಪರದೇಶದಲ್ಲಿ ವೀಸಾ, ಪೌರತ್ವಗಳ ದಾರಿ ಕಾಯುತ್ತಿರುವ ಕುಟುಂಬಗಳು ಇಂಥ ಒಳಒಪ್ಪಂದಗಳಿಂದ ದೂರವಿರುವುದೇ ಕ್ಷೇಮ.

ನೆರೆ ಮತ್ತು ಭೂಕಂಪ

ಸಾಧಾರಣ ಮನೆ ವಿಮೆಯಲ್ಲಿ ನೆರೆಯ ನೀರಿಗೂ ಭೂಕಂಪಕ್ಕೂ ರಕ್ಷಣೆ ಇರುವುದಿಲ್ಲ. ಅವುಗಳಿಗೆ ಬೇರೆ ಪಾಲಿಸಿಯನ್ನೋ ಹೆಚ್ಚಿನ ಕರಾರನ್ನೋ ಮಾಡಿಸಬೇಕು. ಅವುಗಳಿಗೆ ಡಿಡಕ್ಟಿಬಲ್ ಕೂಡ ಬೇರೆ.

ನೆರೆ ವಿಮೆಗೆ 1968ರಲ್ಲಿ ಆರಂಭವಾದ ಸರಕಾರಿ ಯೋಜನೆಯೊಂದಿದೆ. ಒಂಟಿ ಕುಟುಂಬದ ಮನೆಗೆ ಅದರಲ್ಲಿ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರು, ಸಾಮಾನುಗಳಿಗೆ 1,00,000 ಡಾಲರು ದೊರೆಯುತ್ತದೆ. ಕಟ್ಟಡಕ್ಕೊಂದು, ಸಾಮಾನಿಗೊಂದು ಹೀಗೆ ಎರಡು ಡಿಡಕ್ಟಿಬಲ್‌ಗಳು ಕಡಿತವಾಗುತ್ತವೆ. ಪಾಲಿಸಿ ಮಾಡಿಸಿದ ಮೇಲೆ ಸಾಮಾನ್ಯವಾಗಿ 30 ದಿನ ಕಳೆದ ಬಳಿಕವೇ ರಕ್ಷಣೆ ಆರಂಭವಾಗುವುದರಿಂದ, ಮೋಡ ಕವಿದ ಮೇಲೆ ಓಡಾಡಿ ಫಲವಿಲ್ಲ. 2017ರಲ್ಲಿ ಹಾರ್ವಿ ಚಂಡಮಾರುತದ ಮಳೆ ಹ್ಯೂಸ್ಟನ್ ನಗರವನ್ನು ಮುಳುಗಿಸಿದಾಗ, ಮನೆ ವಿಮೆಯಿದ್ದರೂ ನೆರೆ ವಿಮೆಯಿಲ್ಲದ ಅಸಂಖ್ಯ ಕುಟುಂಬಗಳು ಈ ವ್ಯತ್ಯಾಸವನ್ನು ದುಬಾರಿ ಬೆಲೆ ತೆತ್ತು ಕಲಿತವು.

ಕ್ಯಾಲಿಫೋರ್ನಿಯಾದ ಕಥೆ ಇನ್ನೊಂದು ಬಗೆಯದು. 1994ರ ಜನವರಿ 17ರ ನಾರ್ತ್‌ರಿಡ್ಜ್ ಭೂಕಂಪದ ನಂತರ ಕಂಪನಿಗಳು ಹಿಂಜರಿದಾಗ, 1996ರಲ್ಲಿ ಕ್ಯಾಲಿಫೋರ್ನಿಯಾ ಅರ್ತ್‌ಕ್ವೇಕ್ ಅಥಾರಿಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಅದರ ಪಾಲಿಸಿಗಳಲ್ಲಿ ಡಿಡಕ್ಟಿಬಲ್ ಶೇಕಡಾ 5ರಿಂದ 25ರವರೆಗೆ ಇರುತ್ತದೆ. 5,00,000 ಡಾಲರಿನ ಮನೆಗೆ ಶೇಕಡಾ 15 ಆರಿಸಿಕೊಂಡವರು ಮೊದಲ 75,000 ಡಾಲರನ್ನು ತಾವೇ ಹೊರಬೇಕು. ಗೋಡೆ ಬಿರುಕು ಬಿಟ್ಟಾಗ ನೆರವಾಗಲೆಂದು ಮಾಡುವ ವಿಮೆ ಇದಲ್ಲ. ಮನೆಯೇ ಕುಸಿದಾಗ ಕುಟುಂಬ ಬೀದಿಗೆ ಬೀಳದಿರಲೆಂದು ಮಾಡುವ ವಿಮೆ. ಹಾಗೆಂದು ತಿಳಿದುಕೊಂಡೇ ಅದನ್ನು ಮಾಡಿಸಬೇಕು.

ಎಷ್ಟು ಆರಿಸಿಕೊಳ್ಳಬೇಕು?

ಆಯ್ಕೆಗೆ ಅವಕಾಶವಿರುವಲ್ಲಿ ಒಂದು ಸಣ್ಣ ಲೆಕ್ಕ ದಾರಿ ತೋರಿಸುತ್ತದೆ. ಡಿಡಕ್ಟಿಬಲ್‌ಅನ್ನು 1,000ದಿಂದ 2,500ಕ್ಕೆ ಏರಿಸಿದರೆ ವರ್ಷಕ್ಕೆ 150 ಡಾಲರು ಕಂತು ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಹೆಚ್ಚಾಗಿ ಹೊತ್ತ ಭಾರ 1,500. ಅದನ್ನು 150ರಿಂದ ಭಾಗಿಸಿದರೆ 10 ವರ್ಷ. ಹತ್ತು ವರ್ಷ ಒಂದೂ ಕ್ಲೇಮಿಲ್ಲದೆ ಕಳೆದರೆ ಮಾತ್ರ ಈ ಏರಿಕೆ ತನ್ನ ಬೆಲೆಯನ್ನು ತೀರಿಸುತ್ತದೆ. ಉಳಿತಾಯ ವರ್ಷಕ್ಕೆ 400 ಡಾಲರಾದರೆ ನಾಲ್ಕು ವರ್ಷದೊಳಗೇ ಲಾಭ ಕಾಣುತ್ತದೆ. ಏಜೆಂಟರಿಂದ ಎರಡು ಮೂರು ಬಗೆಯ ದರಗಳನ್ನು ಬರೆಸಿಕೊಂಡು ಈ ಭಾಗಾಕಾರ ಮಾಡಿ ನೋಡುವುದಕ್ಕೆ ಹತ್ತು ನಿಮಿಷ ಸಾಕು.

ಆದರೆ ಲೆಕ್ಕಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದು. ನಾಳೆ ಬೆಳಿಗ್ಗೆ ಆ ಮೊತ್ತವನ್ನು ಸಾಲ ಮಾಡದೆ ಎತ್ತಿ ಕೊಡುವ ಶಕ್ತಿ ಮನೆಗೆ ಇದೆಯೇ? ಇಲ್ಲವಾದರೆ ಕಂತಿನಲ್ಲಿ ಉಳಿಸಿದ ಹಣ ಉಳಿತಾಯವಲ್ಲ. ಹೊಸದಾಗಿ ಮನೆ ಕೊಂಡು ಕೈ ಬರಿದಾಗಿರುವ ದಂಪತಿಗಳಿಗೆ ಕಡಿಮೆ ಡಿಡಕ್ಟಿಬಲ್ಲೇ ಹಿತ. ಕೆಲವು ವರ್ಷಗಳಲ್ಲಿ ಕೈಯಲ್ಲಿ ಹಣ ನಿಂತ ಮೇಲೆ ಅದನ್ನು ಏರಿಸಿಕೊಂಡು ಕಂತನ್ನು ಇಳಿಸಬಹುದು. ಏರಿಸಲಿಕ್ಕೂ ಮಿತಿಯಿದೆ. ಮನೆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದಂತೆ ಡಿಡಕ್ಟಿಬಲ್ ವಿಮಾ ಮೊತ್ತದ ಶೇಕಡಾ 5ನ್ನು ಮೀರುವಂತಿಲ್ಲ. ಆದ್ದರಿಂದ ಬದಲಾಯಿಸುವ ಮುನ್ನ ಸಾಲ ಕೊಟ್ಟ ಬ್ಯಾಂಕಿನ ಕರಾರನ್ನು ನೋಡಬೇಕು.

ಡಿಡಕ್ಟಿಬಲ್‌ಗಿಂತ ಸ್ವಲ್ಪವೇ ಹೆಚ್ಚಿನ ನಷ್ಟಕ್ಕೆ ಕ್ಲೇಮು ಸಲ್ಲಿಸುವ ಮೊದಲೂ ಯೋಚಿಸಬೇಕು. ಅಮೆರಿಕದಲ್ಲಿ ಮನೆಯ ಕ್ಲೇಮುಗಳ ವಿವರ ಏಳು ವರ್ಷಗಳವರೆಗೆ ದಾಖಲೆಯಲ್ಲಿ ಉಳಿದು, ಬೇರೆ ಕಂಪನಿಗಳಿಗೂ ಕಾಣುತ್ತದೆ. ಮುನ್ನೂರು ಡಾಲರಿಗಾಗಿ ಸಲ್ಲಿಸಿದ ಕ್ಲೇಮು ಮುಂದಿನ ವರ್ಷಗಳ ಕಂತನ್ನು ಅದಕ್ಕಿಂತ ಹೆಚ್ಚು ಏರಿಸಬಹುದು.

ಕುಟುಂಬದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಪಾಲಿಸಿಯ ಆರಂಭದಲ್ಲಿರುವ ‘ಡಿಕ್ಲರೇಷನ್ಸ್’ ಪುಟವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳಿಗೆ ಉತ್ತರ ಬರೆದಿಡಿ:

1. ಬೆಂಕಿ, ಕಳವು, ಕೊಳಾಯಿಯ ನೀರು ಇವುಗಳಿಗೆ ಡಿಡಕ್ಟಿಬಲ್ ಎಷ್ಟು?

2. ಗಾಳಿ, ಆಲಿಕಲ್ಲು, ಚಂಡಮಾರುತಕ್ಕೆ ಬೇರೆ ಡಿಡಕ್ಟಿಬಲ್ ಇದೆಯೇ? ಶೇಕಡಾವಾರು ಆಗಿದ್ದರೆ ಈ ವರ್ಷದ ವಿಮಾ ಮೊತ್ತದ ಮೇಲೆ ಅದು ಎಷ್ಟು ಡಾಲರು?

3. ಅದು ಯಾವ ಪ್ರಕಟಣೆಯಿಂದ ಜಾರಿಗೆ ಬರುತ್ತದೆ? ಘಟನೆಗೊಮ್ಮೆಯೋ, ವರ್ಷಕ್ಕೊಮ್ಮೆಯೋ?

4. ಛಾವಣಿಗೆ ದೊರೆಯುವುದು ಹೊಸದರ ಬೆಲೆಯೋ, ಸವಕಳಿ ಕಳೆದ ಬೆಲೆಯೋ?

5. ನೆರೆ ಮತ್ತು ಭೂಕಂಪಕ್ಕೆ ಪಾಲಿಸಿ ಇದೆಯೇ?

6. ಇವುಗಳಲ್ಲಿ ಅತಿ ದೊಡ್ಡ ಡಿಡಕ್ಟಿಬಲ್‌ನಷ್ಟು ಹಣ ಯಾವ ಖಾತೆಯಲ್ಲಿದೆ?

ಈ ಉತ್ತರಗಳು ಯಜಮಾನನ ಕಂಪ್ಯೂಟರಿನಲ್ಲಿ ಮಾತ್ರ ಇರದೆ, ಮನೆಯೊಡತಿಗೂ ಬೆಳೆದ ಮಕ್ಕಳಿಗೂ ತಿಳಿದಿರಬೇಕು. ಬಿರುಗಾಳಿ ಬರುವಾಗ ಯಾರು ಊರಲ್ಲಿರುತ್ತಾರೋ, ಯಾರು ಪ್ರವಾಸದಲ್ಲಿರುತ್ತಾರೋ ಹೇಳಲಾಗದು. ಇಲ್ಲಿರುವ ಹಿರಿಯರೂ ದೂರವಾಣಿಯಲ್ಲಿ ಮಾತನಾಡುವಾಗ ‘ಮನೆಗೆ ವಿಮೆ ಮಾಡಿಸಿದಿರಾ?’ ಎಂದಷ್ಟೇ ಕೇಳಿ ಸುಮ್ಮನಾಗದೆ, ‘ಅದರಲ್ಲಿ ನಮ್ಮ ಪಾಲೆಷ್ಟು? ಅಷ್ಟು ಹಣ ಕೈಯಲ್ಲಿದೆಯೇ?’ ಎಂದೂ ಕೇಳಬೇಕು. ಮಕ್ಕಳಿಗೆ ಮುಂಗಡದ ಹಣಕ್ಕೆ ನೆರವಾದ ತಂದೆ ತಾಯಿಗಳಿಗೆ ಈ ಪ್ರಶ್ನೆ ಕೇಳುವ ಅಧಿಕಾರವೂ ಇದೆ, ಹೊಣೆಯೂ ಇದೆ.

ವಿಮೆಯು ಮನೆಯ ಹೊರೆಯನ್ನು ನಮ್ಮೊಡನೆ ಹೊರುವ ಜೊತೆಗಾರನೇ ಹೊರತು ಪೂರ್ತಿ ಹೊರೆಯನ್ನು ಇಳಿಸಿಕೊಳ್ಳುವವನಲ್ಲ. ನಮ್ಮ ಹೆಗಲಿಗೆ ಉಳಿಯುವ ಭಾರ ಎಷ್ಟೆಂದು ಮೊದಲೇ ಅರಿತು, ಅದಕ್ಕೆ ತಕ್ಕ ಹಣವನ್ನು ತೆಗೆದಿರಿಸಿದ ಕುಟುಂಬ ವಿಪತ್ತಿನ ದಿನ ಯಾರ ಮುಂದೆಯೂ ಕೈಚಾಚದೆ ತನ್ನ ಸೂರನ್ನು ಮತ್ತೆ ಎತ್ತಿ ನಿಲ್ಲಿಸಿಕೊಳ್ಳುತ್ತದೆ. ಪಾಲಿಸಿಯ ಕಾಗದಗಳನ್ನು ಈ ವಾರವೇ ಕಪಾಟಿನಿಂದ ಹೊರತೆಗೆಯಿರಿ.